ಗೋರಿಕಲ್ಲಿನಿಂದ ಮನೆತನದ ಕಥೆ: ಇಂಗ್ಲೆಂಡಿನ ಹಳೇ ಚರ್ಚ್ ಅಂಗಳದಲ್ಲಿ ಹುಡುಕುವುದು ಹೇಗೆ?

ಯಾರ್ಕ್‌ಶೈರಿನ ಒಂದು ಹಳ್ಳಿಯ ಚರ್ಚ್ ಅಂಗಳದಲ್ಲಿ ನನ್ನ ಎದೆಯೆತ್ತರದ ಒಂದು ಮರಳುಗಲ್ಲು ಇದೆ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ನಿಂತರೆ ಅದರ ಮೇಲೆ ಏನೂ ಕಾಣುವುದಿಲ್ಲ. ಮಧ್ಯಾಹ್ನ ಬಿಸಿಲು ಕಲ್ಲಿನ ಮೈಯನ್ನು ಪಕ್ಕದಿಂದ ಸವರಿಕೊಂಡು ಹೋಗುವ ಅರ್ಧ ಗಂಟೆ ಮಾತ್ರ ಅಕ್ಷರಗಳು ಎದ್ದು ನಿಲ್ಲುತ್ತವೆ. ಮೊದಲು ಒಬ್ಬ ಉಣ್ಣೆ ನೇಕಾರನ ಹೆಸರು. ಅದರ ಕೆಳಗೆ ಅವನ ಮೂವರು ಮಕ್ಕಳು. ಮೂವರೂ 1847ರ ಚಳಿಗಾಲದಲ್ಲಿ, ಹತ್ತೊಂಬತ್ತು ದಿನಗಳ ಒಳಗೆ ತೀರಿಕೊಂಡವರು. ಕಟ್ಟಕಡೆಗೆ, ಹುಲ್ಲು ತಾಗುವ ಜಾಗದಲ್ಲಿ, ಅವರ ಅಮ್ಮ.

ಇದು ನಮ್ಮ ಪಕ್ಕದ ಮನೆಯ ಅಜ್ಜಿಯ ಮನೆತನದ ಕಲ್ಲು. ಆ ನೇಕಾರ ಅವರ ಅಜ್ಜನ ಅಪ್ಪ. "ನನಗೆ ಕಣ್ಣು ಮಂಜು, ಜೊತೆಗೆ ಬಂದು ಓದಿಕೊಡ್ತೀಯಾ?" ಎಂದು ಅವರು ಕೇಳಿದ್ದರಿಂದ ಹೋದೆ. ಆಮೇಲೆ ಬಿಡಲಾಗಲಿಲ್ಲ. ವೀರಗಲ್ಲು, ಮಾಸ್ತಿಕಲ್ಲು ನೋಡಿ ಬೆಳೆದ ನಮಗೆ ಕಲ್ಲು ಓದುವ ಆಸೆ ಹೊಸದಲ್ಲ ಅಲ್ವಾ? ಮಕ್ಕಳ ಮನೆಗೆಂದು ಆರು ತಿಂಗಳು ಇಂಗ್ಲೆಂಡಿಗೆ ಬಂದು, ಹೊತ್ತು ಹೋಗದೆ ಕೂರುವ ಅಪ್ಪ ಅಮ್ಮಂದಿರಿಗೂ ಇದು ಒಗ್ಗುವ ಕೆಲಸ. ಊರಿನವರ ಪರಿಚಯವೂ ಆಗುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಗೋರಿಕಲ್ಲು ಉಳಿದವರು ಹೇಳಿ ಬರೆಸಿದ ಮಾತು. ಸಾಕ್ಷಿಯ ಮಾತನ್ನು ಹೇಗೆ ಗೌರವದಿಂದ ಕೇಳಿ, ಆಮೇಲೆ ಸರಿನೋಡುತ್ತೇವೋ ಇದನ್ನೂ ಹಾಗೇ ಓದಬೇಕು.

ಹೊರಡುವ ಮೊದಲು

ಮನೆಯ ಹಿರಿಯರಿಂದ ಮೂರು ಸಂಗತಿ ತಿಳಿದುಕೊಳ್ಳಿ: ಹೆಸರು, ಊರು, ಯಾವ ಪಂಗಡದ ಚರ್ಚು. ಆಮೇಲೆ ಹೂಳಿದ ಜಾಗ ಚರ್ಚ್ ಅಂಗಳವೋ ಊರಾಚೆಯ ದೊಡ್ಡ ಸ್ಮಶಾನವೋ ಎಂದು ನೋಡಿ. ಎರಡರ ದಾಖಲೆಯೂ ಬೇರೆ ಬೇರೆ ಕಡೆ ಇರುತ್ತದೆ. 1830ರ ದಶಕದವರೆಗೆ ಹೆಚ್ಚಿನವರನ್ನು ಹೂಳುತ್ತಿದ್ದದ್ದು ಚರ್ಚ್ ಅಂಗಳದಲ್ಲೇ. ಪಟ್ಟಣಗಳ ಅಂಗಳಗಳು ತುಂಬಿ ತುಳುಕಿದಾಗ ಹೊಸ ಸ್ಮಶಾನಗಳು ಬಂದವು. ಲಂಡನ್ನಿನ ಕೆನ್ಸಲ್ ಗ್ರೀನ್ ಶುರುವಾದದ್ದು 1833ರಲ್ಲಿ, ಹೈಗೇಟ್ 1839ರಲ್ಲಿ. 1850ರ ದಶಕದ ಕಾನೂನುಗಳು ಪಟ್ಟಣದ ಎಷ್ಟೋ ಚರ್ಚ್ ಅಂಗಳಗಳನ್ನು ಮುಚ್ಚಿಸಿದವು. ಊರಾಚೆಯ ಸ್ಮಶಾನವಾದರೆ ಅಲ್ಲಿನ ಕೌನ್ಸಿಲ್ ಕಚೇರಿಯಲ್ಲಿ ರಿಜಿಸ್ಟರೂ ಗೋರಿಗಳ ನಕ್ಷೆಯೂ ಸಾಮಾನ್ಯವಾಗಿ ಸಿಗುತ್ತವೆ. ಚರ್ಚ್ ಅಂಗಳವಾದರೆ ಪಾದ್ರಿಯವರನ್ನು ಕೇಳಿಕೊಂಡೇ ಒಳಗೆ ಕೆಲಸ ಶುರು ಮಾಡಿ.

ಅಲ್ಲಿನ ವಂಶಾವಳಿ ಸಂಘವನ್ನೂ ವಿಚಾರಿಸಿ. ಬಹಳ ಕಡೆ ಯಾರೋ ಪುಣ್ಯಾತ್ಮರು ಮೂವತ್ತು ನಲವತ್ತು ವರ್ಷದ ಹಿಂದೆಯೇ ಎಲ್ಲ ಕಲ್ಲುಗಳನ್ನೂ ಓದಿ ಬರೆದಿಟ್ಟಿರುತ್ತಾರೆ. ಇವತ್ತು ಅಳಿಸಿಹೋದ ಸಾಲು ಆ ಪಟ್ಟಿಯಲ್ಲಿ ಉಳಿದಿರುತ್ತದೆ. ಫೈಂಡ್ ಎ ಗ್ರೇವ್, ಬಿಲಿಯನ್‌ಗ್ರೇವ್ಸ್ ಜಾಲತಾಣಗಳಲ್ಲಿ ಫೋಟೊ ಕೂಡ ಸಿಗಬಹುದು. ಕಲ್ಲೇ ಸಿಗದಿದ್ದರೆ ಬೇಸರ ಬೇಡ. ಬಡವರಿಗೆ ಕಲ್ಲು ಹಾಕಿಸುವ ಶಕ್ತಿ ಇರಲಿಲ್ಲ. ಅವರ ಹೆಸರು ಕಾಗದದಲ್ಲಿ ಮಾತ್ರ ಇರುತ್ತದೆ.

ಕಲ್ಲಿನ ಮುಂದೆ ನಿಂತಾಗ

ಇಲ್ಲಿ ಅವಸರ ಮಾಡಬೇಡಿ. ಈ ಕಲ್ಲುಗಳ ಮುಖ ಸಾಮಾನ್ಯವಾಗಿ ಪೂರ್ವಕ್ಕೋ ಪಶ್ಚಿಮಕ್ಕೋ ಇರುತ್ತದೆ. ಬೆಳಿಗ್ಗೆ ಅಥವಾ ಸಂಜೆಯ ಬಿಸಿಲು ನೇರ ಮುಖಕ್ಕೆ ಬಿದ್ದರೆ ಸವೆದ ಅಕ್ಷರ ಕಾಣುವುದೇ ಇಲ್ಲ. ಸೂರ್ಯ ದಕ್ಷಿಣಕ್ಕೆ ಬಂದಾಗ ಓರೆ ಬೆಳಕು ಬೀಳುತ್ತದೆ, ಪ್ರತಿ ಗೀರಿಗೂ ನೆರಳು ಹುಟ್ಟುತ್ತದೆ. ಬೇಸಿಗೆಯಲ್ಲಿ ಇಂಗ್ಲೆಂಡಿನ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಅದು ಮಧ್ಯಾಹ್ನ ಒಂದರ ಆಸುಪಾಸು. ಮೋಡವಿದ್ದರೆ, ಮರದ ನೆರಳಿದ್ದರೆ ಒಂದು ಟಾರ್ಚ್ ಸಾಕು. ಕಲ್ಲಿಗೆ ಒತ್ತಿದ ಹಾಗೆ ಪಕ್ಕದಲ್ಲಿ ಹಿಡಿದು, ನಿಧಾನಕ್ಕೆ ಮೇಲಿಂದ ಕೆಳಕ್ಕೆ ಇಳಿಸಿ. ಬಿಸಿಲಿದ್ದೂ ಕಲ್ಲು ನೆರಳಲ್ಲಿದ್ದರೆ ಜೊತೆಗಿದ್ದವರು ದೂರದಿಂದ ಕನ್ನಡಿಯಲ್ಲಿ ಬಿಸಿಲು ಹಾಯಿಸಿದರೂ ಆಗುತ್ತದೆ. ಒಂದೇ ಸಾಲನ್ನು ನಾಲ್ಕು ಕೋನದ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಮನೆಗೆ ಬಂದು ಫೋಟೊವನ್ನು ಕಪ್ಪುಬಿಳುಪು ಮಾಡಿ ನೋಡಿದಾಗ ಅಲ್ಲಿ ಕಾಣದ್ದು ಎಷ್ಟೋ ಸಲ ಕಾಣುತ್ತದೆ.

ಕಲ್ಲಿನ ಮೇಲೆ ಚಾಕ್‌ಪೀಸ್ ಉಜ್ಜಬೇಡಿ. ಹಿಟ್ಟು, ಶೇವಿಂಗ್ ಫೋಮ್, ಬ್ಲೀಚ್, ತಂತಿ ಬ್ರಷ್ ಯಾವುದೂ ಬೇಡ. ನಮ್ಮಲ್ಲಿ ಶಾಸನದ ಮೇಲೆ ಒದ್ದೆ ಕಾಗದ ಹೊಡೆದು ಶಾಯಿ ಹಚ್ಚಿ ಅಚ್ಚು ತೆಗೆಯುತ್ತಾರಲ್ಲ, ಅದನ್ನೂ ಇಲ್ಲಿ ಮಾಡಬೇಡಿ. ಅದು ಪಳಗಿದ ಕೈಯ ಕೆಲಸ, ಅದೂ ಗಟ್ಟಿ ಕಲ್ಲಿಗೆ. ಪದರ ಬಿಟ್ಟ ಮರಳುಗಲ್ಲು ಬೆರಳು ಒತ್ತಿದರೂ ಉದುರುತ್ತದೆ. ಮೇಲೆ ಬೆಳೆದ ಕಲ್ಲುಹೂವನ್ನು ಕೆರೆಯಬೇಡಿ; ಅದರ ಜೊತೆ ಅಕ್ಷರವೂ ಬರುತ್ತದೆ. ವಾಲಿದ ಕಲ್ಲಿನ ಹತ್ತಿರ ಮೊಮ್ಮಕ್ಕಳನ್ನು ಬಿಡಬೇಡಿ. ನೋಡಲು ಚಿಕ್ಕದೆನಿಸಿದರೂ ಅವು ತುಂಬ ಭಾರ, ಬಿದ್ದು ಜೀವ ಹೋದದ್ದೂ ಉಂಟು.

ಕಲ್ಲಿನ ಜಾತಿ ನೋಡಿದರೆ ಎಷ್ಟು ಓದಬಹುದು ಎಂದು ಅಂದಾಜಾಗುತ್ತದೆ. ಲೆಸ್ಟರ್‌ಶೈರಿನ ಸ್ವಿತ್‌ಲ್ಯಾಂಡ್ ಸ್ಲೇಟು ಕಲ್ಲಿನಲ್ಲಿ ಇನ್ನೂರೈವತ್ತು ವರ್ಷದ ಅಕ್ಷರ ನಿನ್ನೆ ಕೊರೆದಂತಿರುತ್ತದೆ. ಅಮೃತಶಿಲೆ ಪಟ್ಟಣದ ಹೊಗೆಗೆ, ಹುಳಿಮಳೆಗೆ ಸಕ್ಕರೆಯ ಹಾಗೆ ಕರಗಿದೆ. ಕೆಲವು ಕಲ್ಲುಗಳಲ್ಲಿ ಸೀಸದ ಅಕ್ಷರ ಕೂರಿಸಿರುತ್ತಾರೆ. ಅಕ್ಷರ ಉದುರಿದ್ದರೂ ಅದು ಕಚ್ಚಿಕೊಂಡಿದ್ದ ಸಣ್ಣ ತೂತುಗಳು ಉಳಿದಿರುತ್ತವೆ. ಪಕ್ಕದಲ್ಲಿ ಉಳಿದ ಅಕ್ಷರಗಳಿಗೆ ತೂತು ಎಲ್ಲೆಲ್ಲಿ ಬಂದಿದೆ ಎಂದು ನೋಡಿ ಹೋಲಿಸಿದರೆ ಬಿದ್ದುಹೋದದ್ದು ಯಾವುದೆಂದು ಗೊತ್ತಾಗುತ್ತದೆ. ಇದು ನನಗೆ ತುಂಬ ಇಷ್ಟದ ಕೆಲಸ.

ಬರೆದುಕೊಳ್ಳುವಾಗ ಕಲ್ಲಿನಲ್ಲಿ ಇದ್ದದ್ದು ಇದ್ದ ಹಾಗೆ, ಸಾಲಿಗೆ ಸಾಲು. ತಪ್ಪು ಕಾಗುಣಿತ ತಿದ್ದಬೇಡಿ. ಕಾಣದ ಅಕ್ಷರಕ್ಕೆ ಚುಕ್ಕಿ ಇಡಿ, ಊಹೆಗೆ ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿ. ಒಂದು ಮತ್ತು ಏಳು, ಮೂರು ಮತ್ತು ಎಂಟು, ಸೊನ್ನೆ ಮತ್ತು ಆರು ಯಾವಾಗಲೂ ಮೋಸ ಮಾಡುತ್ತವೆ. ಕೆತ್ತನೆಯ ಕೈ ಎಲ್ಲಿ ಬದಲಾಯಿತು ಎಂದೂ ಬರೆಯಿರಿ. ನಮ್ಮ ನೇಕಾರನ ಕಲ್ಲಿನಲ್ಲಿ ಅಪ್ಪನ ಹೆಸರೂ ಮಕ್ಕಳ ಹೆಸರುಗಳೂ ಒಂದೇ ಕೈಯವು. ಅಮ್ಮನದು ಮಾತ್ರ ಸಣ್ಣದು, ಬೇರೆ ಕೈ. ಅಂದರೆ ಮಕ್ಕಳು ಹೋದಾಗ ಕಲ್ಲು ಹಾಕಿಸಿಲ್ಲ. ಇಪ್ಪತ್ತು ವರ್ಷದ ಮೇಲೆ ಅಪ್ಪ ಹೋದಾಗ, ಅಮ್ಮ ಎಲ್ಲರದ್ದೂ ಸೇರಿಸಿ ಬರೆಸಿದ್ದಾಳೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎಡವುವ ಪದಗಳು

'ರೆಲಿಕ್ಟ್' ಎಂದಿದ್ದರೆ ವಿಧವೆ. 'ಓಬಿಟ್' ಲ್ಯಾಟಿನ್ನಿನಲ್ಲಿ ತೀರಿಕೊಂಡರು ಎಂದು. 'ವಯಸ್ಸಿನ 52ನೇ ವರ್ಷದಲ್ಲಿ' ಎಂದು ಬರೆದಿದ್ದರೆ ಆಗ ತುಂಬಿದ್ದು 51 ಮಾತ್ರ. ಹಳೇ ಕಲ್ಲುಗಳಲ್ಲಿ 'ಎಸ್' ಅಕ್ಷರ ಉದ್ದಕ್ಕೆ ಚಾಚಿ 'ಎಫ್' ಹಾಗೆ ಕಾಣುತ್ತದೆ. 1752ರ ಹಿಂದಿನ ತಾರೀಖಿಗೆ ಜಾಸ್ತಿ ಎಚ್ಚರ ಬೇಕು. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಕಲ್ಲಿನಲ್ಲಿ '1731 ಫೆಬ್ರವರಿ' ಎಂದಿದ್ದರೆ ನಮ್ಮ ಲೆಕ್ಕಕ್ಕೆ ಅದು 1732. ಕೆಲವರು ಎರಡೂ ವರ್ಷ ಕೆತ್ತಿಸಿರುತ್ತಾರೆ. 1752ರಲ್ಲಂತೂ ಸೆಪ್ಟೆಂಬರ್ 2ರ ಮರುದಿನವೇ 14. ನಡುವಿನ 11 ದಿನ ಕ್ಯಾಲೆಂಡರಿನಲ್ಲೇ ಇಲ್ಲ.

ಬ್ರಿಸ್ಟಲ್‌ನ ಒಂದು ಪಾಠ

ಅಭ್ಯಾಸಕ್ಕೆ ಒಳ್ಳೆಯ ಕಲ್ಲು ಬೇಕೆಂದರೆ ಬ್ರಿಸ್ಟಲ್‌ನ ಆರ್ನೋಸ್ ವೇಲ್ ಸ್ಮಶಾನಕ್ಕೆ ಹೋಗಿ. ಅಲ್ಲಿ ರಾಜಾ ರಾಮಮೋಹನ ರಾಯರ ಸಮಾಧಿ ಇದೆ, ಮೇಲೆ ನಮ್ಮ ದೇಶದ ಮಂಟಪದ ಹಾಗೆ ಛತ್ರಿ ಕಟ್ಟಿದ್ದಾರೆ. ರಾಯರು ತೀರಿಕೊಂಡದ್ದು 1833ರ ಸೆಪ್ಟೆಂಬರ್ 27ರಂದು, ಬ್ರಿಸ್ಟಲ್ ಹತ್ತಿರದ ಸ್ಟೇಪಲ್‌ಟನ್‌ನಲ್ಲಿ. ಅವರು ತಂಗಿದ್ದ ಮನೆಯ ತೋಟದಲ್ಲೇ ಮೊದಲು ಹೂಳಿದ್ದರು. ರವೀಂದ್ರನಾಥ ಠಾಕೂರರ ತಾತ ದ್ವಾರಕಾನಾಥ ಠಾಕೂರರ ಮುತುವರ್ಜಿಯಿಂದ 1843ರಲ್ಲಿ ಇಲ್ಲಿಗೆ ತಂದರು. ಕಲ್ಲಿನ ಮೇಲಿನ ಬರಹ ಬಂದದ್ದು ಇನ್ನೂ ತಡವಾಗಿ, 1872ರಲ್ಲಿ. ಅದರಲ್ಲಿ ರಾಯರು ಹುಟ್ಟಿದ್ದು 1774 ಎಂದಿದೆ. ನಾವು ಶಾಲೆಯಲ್ಲಿ ಓದಿದ್ದು 1772.

ಅಷ್ಟು ದೊಡ್ಡ ಮನುಷ್ಯರ ವಿಷಯದಲ್ಲೇ ಹೀಗಾದರೆ ಹಳ್ಳಿಯ ನೇಕಾರನ ಪಾಡೇನು? ಕಲ್ಲಿನಲ್ಲಿ ಸತ್ತ ದಿನ ಸಾಮಾನ್ಯವಾಗಿ ಸರಿ ಇರುತ್ತದೆ, ಅದೂ ಕಲ್ಲು ಬೇಗ ಹಾಕಿಸಿದ್ದರೆ. ವಯಸ್ಸು ಮತ್ತು ಹುಟ್ಟಿದ ವರ್ಷ ಎಷ್ಟೋ ಸಲ ಅಂದಾಜು.

ಕಲ್ಲಿನಿಂದ ಕಾಗದಕ್ಕೆ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಜನನ ಮರಣ ನೋಂದಣಿ ಶುರುವಾದದ್ದು 1837ರ ಜುಲೈ 1ರಿಂದ. ನಿಮ್ಮ ಕಲ್ಲು ಅದರ ಈಚಿನದಾದರೆ ಕೆಲಸ ಸುಲಭ. ಜನರಲ್ ರಿಜಿಸ್ಟರ್ ಆಫೀಸಿನ ಆನ್‌ಲೈನ್ ಸೂಚಿಯಲ್ಲಿ ಸತ್ತವರ ವಯಸ್ಸು ಸಿಗುತ್ತದೆ. ಜನನ ಸೂಚಿಯಲ್ಲಿ ತಾಯಿಯ ತವರಿನ ಮನೆತನದ ಹೆಸರೂ ಇರುತ್ತದೆ. ಈ ತವರಿನ ಹೆಸರು ಸಿಕ್ಕರೆ ಇನ್ನೊಂದು ಕುಟುಂಬದ ಬಾಗಿಲು ತೆರೆದ ಹಾಗೆ. ಫ್ರೀಬಿಎಂಡಿ ತಾಣದಲ್ಲೂ ಉಚಿತವಾಗಿ ಹುಡುಕಬಹುದು. ಆಮೇಲೆ ದುಡ್ಡು ಕೊಟ್ಟು ಮರಣ ಪ್ರಮಾಣಪತ್ರದ ಪ್ರತಿ ತರಿಸಿ.

1837ಕ್ಕಿಂತ ಹಿಂದಿನದಕ್ಕೆ ಪ್ಯಾರಿಷ್ ರಿಜಿಸ್ಟರೇ, ಅಂದರೆ ಊರ ಚರ್ಚಿನ ದಾಖಲೆ ಪುಸ್ತಕವೇ ಗತಿ. ಪಾದ್ರಿಗಳು ಇದನ್ನು ಬರೆಯಬೇಕೆಂದು ಆಜ್ಞೆಯಾದದ್ದು 1538ರಲ್ಲಿ. ಹಳೆಯವುಗಳಲ್ಲಿ ಬರೀ ಹೆಸರು, ತಾರೀಖು. 1813ರಿಂದ ಅಚ್ಚಾದ ನಮೂನೆ ಬಂತು, ಅದರಲ್ಲಿ ವಯಸ್ಸು, ವಾಸದ ಊರು ಎರಡೂ ಇರುತ್ತವೆ. ಅಲ್ಲಿರುವ ತಾರೀಖು ಹೂಳಿದ ದಿನದ್ದು, ಸತ್ತ ದಿನದ್ದಲ್ಲ. ಮೂಲ ಪುಸ್ತಕಗಳು ಹೆಚ್ಚಾಗಿ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ದಾಖಲೆ ಭಂಡಾರದಲ್ಲಿ ಇರುತ್ತವೆ. ಫ್ಯಾಮಿಲಿಸರ್ಚ್, ಫ್ರೀರೆಗ್ ತಾಣಗಳಲ್ಲೂ ನೋಡಿ.

ಜನಗಣತಿ ಹತ್ತು ವರ್ಷಕ್ಕೊಮ್ಮೆ. ಎಲ್ಲರ ಹೆಸರು ಸಿಗುವುದು 1841ರಿಂದ. ಆದರೆ ಆ ಸಲ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ, ಸಂಬಂಧವನ್ನೂ ಹೇಳಿಲ್ಲ. 1851ರಿಂದ ವಯಸ್ಸು, ಸಂಬಂಧ, ಹುಟ್ಟಿದ ಊರು ಎಲ್ಲ ಇದೆ. 1921ರದ್ದು 2022ರಲ್ಲಿ ನೋಡಲು ಸಿಕ್ಕಿತು. 1931ರದ್ದು ಬೆಂಕಿಗೆ ಆಹುತಿ. ದುಡ್ಡು ಕಟ್ಟಿ ನೋಡುವ ದೊಡ್ಡ ತಾಣಗಳನ್ನು ಅಲ್ಲಿನ ಬಹಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಉಚಿತವಾಗಿ ನೋಡಬಹುದು, ಸುಮ್ನೆ ಚಂದಾ ಕಟ್ಟಬೇಡಿ. ಆಸ್ತಿ ಇದ್ದವರಾದರೆ 1858ರಿಂದ ಈಚಿನ ಉಯಿಲುಗಳ ಸೂಚಿಯನ್ನೂ ತಪ್ಪದೆ ನೋಡಿ. ಅದರಲ್ಲಿ ಅಳಿಯ, ಸೋದರಳಿಯರ ಹೆಸರು ಸಿಗಬಹುದು.

ನೇಕಾರನ ಮಕ್ಕಳ ವಿಷಯಕ್ಕೆ ಬರುತ್ತೇನೆ. ನಡುವಿನ ಹುಡುಗ ಜನವರಿ 14ಕ್ಕೆ ತೀರಿಕೊಂಡ ಎಂದು ಕಲ್ಲು ಹೇಳುತ್ತದೆ. ಚರ್ಚಿನ ರಿಜಿಸ್ಟರಿನಲ್ಲಿ ಅವನನ್ನು ಹೂಳಿದ್ದು ಜನವರಿ 12. ಸಾಯುವ ಮೊದಲೇ ಹೂಳಲು ಸಾಧ್ಯವೇ? ಪ್ರಮಾಣಪತ್ರ ತರಿಸಿದೆವು. ಸತ್ತದ್ದು 10. ಕಾರಣದ ಕಾಲಮ್ಮಿನಲ್ಲಿ ಸ್ಕಾರ್ಲೆಟ್ ಜ್ವರ, ಮೂವರಿಗೂ ಅದೇ. ವಿಷಯ ತಿಳಿಸಿದವರು ತಾಯಿ, 'ಸಾಯುವಾಗ ಹತ್ತಿರವಿದ್ದವರು'. ಅವಳ ಹೆಸರಿನ ಪಕ್ಕದಲ್ಲಿ ಸಹಿಯ ಬದಲು ಒಂದು ಅಡ್ಡಗೀಟು ಗುರುತು. ಸಹಿ ಬಾರದವರಿಗೆಲ್ಲ ಓದಲೂ ಬರುತ್ತಿರಲಿಲ್ಲ ಎಂದು ಹೇಳಲಾಗದು. ಆದರೂ ಇಪ್ಪತ್ತು ವರ್ಷದ ಮೇಲೆ, ಗಂಡನನ್ನು ಕಳೆದುಕೊಂಡು, ಕಲ್ಲುಕುಟಿಗನಿಗೆ ನೆನಪಿನಿಂದ ತಾರೀಖು ಹೇಳಿದವಳು ಅವಳೇ ಎಂದು ನನಗನ್ನಿಸುತ್ತದೆ. ಅಜ್ಜಿ ಆ ಅಡ್ಡಗೀಟಿನ ಮೇಲೆ ಬೆರಳಿಟ್ಟುಕೊಂಡು ತುಂಬ ಹೊತ್ತು ಕೂತಿದ್ದರು.

1851ರ ಜನಗಣತಿಯಲ್ಲಿ ಅದೇ ಮನೆಯಲ್ಲಿ ಎರಡು ಹೊಸ ಮಕ್ಕಳು. ದೊಡ್ಡದಕ್ಕೆ ತೀರಿಕೊಂಡ ಹುಡುಗನದೇ ಹೆಸರು. ಆಗ ಇದು ಸಾಮಾನ್ಯ ರೂಢಿ, ನಮ್ಮಲ್ಲೂ ಹೋದವರ ಹೆಸರಿಡುವುದಿಲ್ಲವೇ? ಹುಡುಕುವವರು ಮಾತ್ರ ಇಲ್ಲಿ ಎಡವುತ್ತಾರೆ. ಒಂದೇ ಹೆಸರು ಸಿಕ್ಕಿತೆಂದು ಒಬ್ಬನೇ ಎಂದುಕೊಳ್ಳಬೇಡಿ. ಅಜ್ಜಿಯ ಅಜ್ಜ ಅದೇ ಹೆಸರಿನ ಈ ಎರಡನೆಯ ಹುಡುಗ.

ನಮ್ಮ ಊರಿನ ಹೆಸರು ಕಂಡರೆ

ಇಂಗ್ಲೆಂಡಿನ ಚರ್ಚುಗಳ ಒಳಗೋಡೆಯಲ್ಲಿ, ಅಂಗಳದಲ್ಲಿ, ಇಂಡಿಯಾದಲ್ಲಿ ಸತ್ತ ಮಗನ ಹೆಸರು ಸೇರಿಸಿದ ಕಲ್ಲುಗಳು ಸಿಗುತ್ತವೆ. ಇಲ್ಲಿ ಕನ್ನಡದವರು ಅಲ್ಲಿನವರಿಗಿಂತ ಬೇಗ ಓದಬಲ್ಲರು. 'ಮರ್ಕಾರಾ' ಎಂದರೆ ಮಡಿಕೇರಿ, 'ಸೆರಿಂಗಪಟಂ' ಶ್ರೀರಂಗಪಟ್ಟಣ ಎಂದು ನಮಗೆ ಥಟ್ಟನೆ ಹೊಳೆಯುತ್ತದೆ. 'ಫ್ರೆಂಚ್ ರಾಕ್ಸ್' ಇಂದಿನ ಪಾಂಡವಪುರ, 'ಕ್ಲೋಸ್‌ಪೇಟ್' ರಾಮನಗರ, 'ಚಿಟಲ್‌ಡ್ರೂಗ್' ಚಿತ್ರದುರ್ಗ. ಫ್ರಾನ್ಸಿನಲ್ಲಿ ಹುಡುಕುತ್ತಿದ್ದವರಿಗೆ ಪಾಂಡವಪುರ ತೋರಿಸಿದರೆ ಎಷ್ಟು ಉಪಕಾರ! ಅಂಥವರ ಮುಂದಿನ ದಾರಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ, ಹಿಂದೆ ಇಂಡಿಯಾದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಡಿಯಾ ಆಫೀಸಿನ ದಾಖಲೆಗಳು. ಬೆಂಗಳೂರಿನ ದಂಡಿನ ಚರ್ಚುಗಳ ಜ್ಞಾನಸ್ನಾನ, ಮದುವೆ, ಹೂಳಿದ ವಿವರ ಅಲ್ಲಿ ಮದ್ರಾಸ್ ಸರಣಿಯಲ್ಲಿದೆ. ಬ್ರಿಟಿಷ್ ಇಂಡಿಯಾದ ಕುಟುಂಬಗಳಿಗೆಂದೇ ಇರುವ ಫಿಬಿಸ್ ಸಂಘದ ತಾಣದಲ್ಲೂ ಉಚಿತವಾಗಿ ಹುಡುಕಬಹುದು.

ಬರೆದದ್ದನ್ನು ಒಪ್ಪಿಸಿ

ಓದಿದ ಪ್ರತಿ ಕಲ್ಲಿಗೂ ಓದಿದ ದಿನ, ಕಲ್ಲು ಇರುವ ಜಾಗ, ಫೋಟೊ ಸಂಖ್ಯೆ ಬರೆದಿಡಿ. ಒಂದು ಪ್ರತಿ ಚರ್ಚಿಗೆ, ಒಂದು ವಂಶಾವಳಿ ಸಂಘಕ್ಕೆ, ಒಂದು ಕೌಂಟಿಯ ದಾಖಲೆ ಭಂಡಾರಕ್ಕೆ ಕೊಡಿ. ಕಲ್ಲಿನ ತಾರೀಖು ತಪ್ಪೆಂದು ಗೊತ್ತಾದರೂ ಪ್ರತಿಯಲ್ಲಿ ಕಲ್ಲಿನದನ್ನೇ ಬರೆದು, ಕಾಗದದ ತಾರೀಖನ್ನು ಕೆಳಗೆ ಬೇರೆಯಾಗಿ ಸೇರಿಸಿ.

ನಾವು ನೇಕಾರನ ಕಲ್ಲು ಓದಿದ್ದು ಸೆಪ್ಟೆಂಬರಿನಲ್ಲಿ. ಆ ಚಳಿಗಾಲ ಹಿಮ ಜೋರಾಗಿ ಬಿತ್ತು. ಕಲ್ಲಿನ ಪದರಗಳ ನಡುವೆ ನೀರು ಇಳಿದು, ಹೆಪ್ಪುಗಟ್ಟಿ, ಹಿಗ್ಗಿತು. ಏಪ್ರಿಲಿನಲ್ಲಿ ಅಜ್ಜಿಯ ಜೊತೆ ಮತ್ತೆ ಹೋದಾಗ ಅಂಗೈಯಗಲದ ಒಂದು ಪದರ ಕಳಚಿ ಹುಲ್ಲಿನ ಮೇಲೆ ಪುಡಿಯಾಗಿ ಬಿದ್ದಿತ್ತು. ಹೋದದ್ದು ಕೊನೆಯ ಮಗುವಿನ ಸಾಲು. ನಾನು ನೋಟ್‌ಬುಕ್ ತೆಗೆದು ಆ ಸಾಲನ್ನು ಓದಿದೆ. ಅಜ್ಜಿ ಇನ್ನೊಮ್ಮೆ ಓದು ಎಂದರು.