ನರ್ಸಿಂಗ್ ಸೀಟಿಗಾಗಿ ಪ್ಲಸ್ ಟು ಅಂಕಗಳನ್ನು ಹೆಚ್ಚಿಸಿಕೊಂಡದ್ದು: ನನ್ನ ಅನುಭವ

ಕೇರಳದಲ್ಲಿ ನಾನು ಬಿ.ಎಸ್ಸಿ. ನರ್ಸಿಂಗ್‌ಗೆ ಅರ್ಜಿ ಹಾಕಿದಾಗ ಮೆರಿಟ್ ಸೀಟು ನಿರ್ಧಾರವಾಗುತ್ತಿದ್ದುದು ಪ್ಲಸ್ ಟುವಿನ (ಹನ್ನೆರಡನೆಯ ತರಗತಿಯ) ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರದ ಅಂಕಗಳಿಂದ. ತಿರುವನಂತಪುರದ ಎಲ್‌ಬಿಎಸ್ ಸೆಂಟರ್ ಆ ಅಂಕಗಳನ್ನು ಆಧರಿಸಿ ರ‍್ಯಾಂಕ್ ಪಟ್ಟಿ ಸಿದ್ಧಪಡಿಸುತ್ತಿತ್ತು. ಅರ್ಹತೆಗೆ ಬೇಕಾದಷ್ಟು ಅಂಕ ನನಗೆ ಇತ್ತು. ಆದರೆ ಅರ್ಹತೆ ಬೇರೆ, ಸೀಟು ಬೇರೆ. ಕಾಸರಗೋಡಿನ ನಮ್ಮಂಥವರಿಗೆ ಮಂಗಳೂರು ಹತ್ತಿರ. ಅಲ್ಲಿ ನರ್ಸಿಂಗ್ ಕಾಲೇಜುಗಳು ಬೇಕಾದಷ್ಟಿವೆ, ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇವೆಂದು ಮನೆಬಾಗಿಲಿಗೆ ಬರುವ ಏಜೆಂಟರೂ ಇದ್ದಾರೆ. ಬೀಡಿ ಕಟ್ಟಿ ಸಂಸಾರ ತೂಗಿಸುತ್ತಿದ್ದ ನನ್ನ ಅಮ್ಮ ನಾಲ್ಕು ವರ್ಷದ ಆ ಶುಲ್ಕಕ್ಕಾಗಿ ಸಾಲ ಮಾಡುವುದು ನನಗೆ ಒಪ್ಪಿಗೆಯಿರಲಿಲ್ಲ. ಮೆರಿಟ್ ಸೀಟು ಬೇಕೆಂದರೆ ಅಂಕ ಹೆಚ್ಚಾಗಲೇಬೇಕಿತ್ತು.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪ್ಲಸ್ ವನ್‌ನಲ್ಲಿ ವಿಜ್ಞಾನ ವಿಭಾಗಕ್ಕೆ ಸೇರುವ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮಕ್ಕಳಿಗೆ ಮೊದಲ ಕೆಲವು ತಿಂಗಳು ಹೇಗಿರುತ್ತವೆಂದು ಅಲ್ಲಿ ಓದಿದವರಿಗೆ ಗೊತ್ತು. ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ತರಗತಿಯ ವಿವರಣೆ ಬಹುಪಾಲು ಮಲೆಯಾಳದಲ್ಲಿ ನಡೆಯುತ್ತದೆ, ನಮ್ಮ ತಲೆಯಲ್ಲಿರುವ ವಿಜ್ಞಾನವೆಲ್ಲ ಕನ್ನಡದ್ದು. ಹೀಗಾಗಿ ಪ್ಲಸ್ ವನ್ ಪರೀಕ್ಷೆಯಲ್ಲಿ ಮೂರು ವಿಷಯಗಳಲ್ಲೂ ನನ್ನ ಅಂಕಗಳು ಸಾಧಾರಣ ಮಟ್ಟದಲ್ಲೇ ಉಳಿದವು.

ಇಂಪ್ರೂವ್‌ಮೆಂಟ್ (ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುವ ಪರೀಕ್ಷೆ) ಬರೆಯಬೇಕೆಂದು ನಿರ್ಧರಿಸಿದ ಮೇಲೆ ನಾನು ಮೊದಲು ಮಾಡಿದ ಕೆಲಸ ಲೆಕ್ಕ. ಪ್ರಾಯೋಗಿಕ ಪರೀಕ್ಷೆಯಿರುವ ವಿಷಯವೊಂದಕ್ಕೆ ಎರಡು ವರ್ಷ ಸೇರಿ 200 ಅಂಕಗಳಿದ್ದವು: ಪ್ರತಿ ವರ್ಷ ಬರವಣಿಗೆಗೆ 60, ನಿರಂತರ ಮೌಲ್ಯಮಾಪನಕ್ಕೆ (ಶಾಲೆಯಲ್ಲೇ ಕೊಡುವ ಅಂಕ) 20, ಎರಡನೆಯ ವರ್ಷ ಪ್ರಾಯೋಗಿಕಕ್ಕೆ 40. ಇಂಪ್ರೂವ್‌ಮೆಂಟ್‌ನಲ್ಲಿ ಹೆಚ್ಚಾಗಬಹುದಾದದ್ದು ಬರವಣಿಗೆಯ ಅಂಕ ಮಾತ್ರ. ಉಳಿದವು ಮೊದಲು ಬಂದಂತೆಯೇ ಮುಂದುವರಿಯುತ್ತವೆ. ಹಾಗಾಗಿ ವಿಷಯದ ಒಟ್ಟು ಅಂಕವನ್ನಾಗಲೀ ಗ್ರೇಡನ್ನಾಗಲೀ ನೋಡಿ ವಿಷಯವನ್ನು ಆರಿಸಬಾರದು. ಒಂದು ವಿಷಯದ ಬರವಣಿಗೆಯಲ್ಲಿ 60ಕ್ಕೆ 48 ಬಂದಿದ್ದರೆ ಎಷ್ಟೇ ಶ್ರಮಪಟ್ಟರೂ ಸೇರಬಹುದಾದದ್ದು 12 ಅಂಕ. ಇನ್ನೊಂದರಲ್ಲಿ 31 ಬಂದಿದ್ದರೆ 29 ಅಂಕಗಳಿಗೆ ಜಾಗವಿದೆ. ಬಹಳ ಮಂದಿ ತಮಗೆ ಇಷ್ಟವಾದ, ಆಗಲೇ ಚೆನ್ನಾಗಿ ಬರೆದ ವಿಷಯವನ್ನೇ ಮತ್ತೆ ಬರೆಯುತ್ತಾರೆ. ಅದರಿಂದ ಮನಸ್ಸಿಗೆ ಸಮಾಧಾನವಾಗಬಹುದು, ರ‍್ಯಾಂಕಿನಲ್ಲಿ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ.

ಪ್ಲಸ್ ವನ್‌ನಲ್ಲಿ ಗರಿಷ್ಠ ಮೂರು ವಿಷಯಗಳನ್ನು ಮತ್ತೆ ಬರೆಯಲು ಅವಕಾಶವಿತ್ತು. ನಾನು ಪ್ಲಸ್ ಟು ತರಗತಿಗಳ ನಡುವೆಯೇ ಮೂರನ್ನೂ ಬರೆದೆ. ಎರಡು ವರ್ಷದ ಪಾಠಗಳು ಒಟ್ಟಿಗೆ ಬಂದು ಕಷ್ಟವಾಯಿತು ಎನ್ನುವುದು ನಿಜ. ಆದರೆ ಆ ಹೊತ್ತಿಗೆ ಇಂಗ್ಲಿಷ್ ಪುಸ್ತಕ ರೂಢಿಯಾಗಿದ್ದುದರಿಂದ ಜೀವಶಾಸ್ತ್ರ ಮತ್ತು ಭೌತಶಾಸ್ತ್ರದ ಅಂಕಗಳು ಚೆನ್ನಾಗಿಯೇ ಏರಿದವು. ರಸಾಯನಶಾಸ್ತ್ರ ಮಾತ್ರ ಸ್ವಲ್ಪ ಏರಿ ನಿಂತಿತು. ಎರಡನೆಯ ವರ್ಷದ ಫಲಿತಾಂಶದಲ್ಲೂ ಅದೇ ಹಿಂದೆ ಬಿದ್ದಿತ್ತು.

ಎರಡನೆಯ ವರ್ಷದ್ದು ಬೇರೆ ನಿಯಮ. ಎಲ್ಲ ವಿಷಯಗಳಲ್ಲಿ ಉತ್ತೀರ್ಣರಾದವರು, ಅನುತ್ತೀರ್ಣರಾದವರ ವರ್ಷ ಉಳಿಸಲು ನಡೆಸುವ ‘ಸೇ’ ಪರೀಕ್ಷೆಯ ಜತೆಗೆ ಒಂದೇ ಒಂದು ವಿಷಯವನ್ನು ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದಿತ್ತು. ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಶಾಲೆಯ ಮೂಲಕ ಶುಲ್ಕ ಕಟ್ಟಿ ಹೆಸರು ನೋಂದಾಯಿಸಬೇಕು. ನಾನು ರಸಾಯನಶಾಸ್ತ್ರಕ್ಕೆ ಶುಲ್ಕ ಕಟ್ಟಿದೆ. ಜತೆಗೆ ಉತ್ತರಪತ್ರಿಕೆಯ ನಕಲು ಪ್ರತಿಗೂ ಅರ್ಜಿ ಕೊಟ್ಟೆ. ಆ ನಕಲು ಪ್ರತಿಗೆ ಕೊಟ್ಟ ಹಣ ಸಾರ್ಥಕವಾಯಿತು. ಅಂಕ ಎಲ್ಲಿ ಹೋಗಿದೆ ಎನ್ನುವ ನಮ್ಮ ಊಹೆಗೂ ಉತ್ತರಪತ್ರಿಕೆ ತೋರಿಸುವುದಕ್ಕೂ ಬಹಳ ಅಂತರವಿರುತ್ತದೆ. ಲೆಕ್ಕಗಳಲ್ಲಿ ಅಂಕ ಹೋಗಿರಬೇಕೆಂದು ನಾನು ತಿಳಿದಿದ್ದೆ. ಲೆಕ್ಕಗಳಿಗೆ ಬಹುತೇಕ ಪೂರ್ಣಾಂಕ ಬಂದಿತ್ತು. ಹೋದದ್ದು ಸಾವಯವ ರಸಾಯನಶಾಸ್ತ್ರದಲ್ಲಿ ಮತ್ತು ಕಾರಣ ಕೇಳುವ ಎರಡು ಅಂಕದ ಪ್ರಶ್ನೆಗಳಲ್ಲಿ.

ನಮ್ಮ ರಸಾಯನಶಾಸ್ತ್ರದ ಟೀಚರ್ ಆ ಪ್ರತಿಯನ್ನು ನೋಡಿ, “ಪುಸ್ತಕವನ್ನು ಮೊದಲಿನಿಂದ ಓದಲು ಹೊರಡಬೇಡ. ನೀನು ಬಿಟ್ಟ ಪ್ರಶ್ನೆಗಳು ಯಾವ ಪಾಠದವು ಎಂದು ಬರೆದುಕೊಂಡು ಬಾ,” ಎಂದರು. ಆ ಪಟ್ಟಿಯೇ ನನ್ನ ಓದಿನ ಕ್ರಮವಾಯಿತು. ಆಲ್ಡಾಲ್ ಸಂಘನನ, ಕ್ಯಾನಿಝಾರೊ, ಸ್ಯಾಂಡ್‌ಮೇಯರ್, ಹಾಫ್‌ಮನ್ ಬ್ರೋಮಮೈಡ್ ಮೊದಲಾದ ಹೆಸರಿನ ಕ್ರಿಯೆಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವುದನ್ನು ಬಿಟ್ಟು, ಆಲ್ಕೋಹಾಲಿನಿಂದ ಆಲ್ಡಿಹೈಡ್, ಅದರಿಂದ ಆಮ್ಲ, ಆಮ್ಲದಿಂದ ಅಮೈಡ್, ಅಲ್ಲಿಂದ ಅಮೀನ್ ಎಂದು ಒಂದೇ ದೊಡ್ಡ ಹಾಳೆಯಲ್ಲಿ ಬಾಣಗಳ ಮೂಲಕ ಜೋಡಿಸಿದೆ. ಪ್ರತಿ ಬಾಣದ ಮೇಲೆ ಯಾವ ಕಾರಕ ಬೇಕೆಂದು ಬರೆದೆ. ಪುಸ್ತಕ ಮುಚ್ಚಿ ಆ ಹಾಳೆಯನ್ನು ಮತ್ತೆ ಮತ್ತೆ ಹೊಸದಾಗಿ ಬರೆಯುತ್ತಿದ್ದೆ. ಎಲ್ಲಿ ಬಾಣ ನಿಂತುಹೋಗುತ್ತದೋ ಅಲ್ಲಿಗೆ ಮಾತ್ರ ಪುಸ್ತಕ ತೆರೆಯುತ್ತಿದ್ದೆ. ಕಾರಣ ಕೇಳುವ ಪ್ರಶ್ನೆಗಳಿಗೆ ಉತ್ತರವನ್ನು ಮೊದಲು ಕನ್ನಡದಲ್ಲಿ ನನಗೆ ನಾನೇ ಹೇಳಿಕೊಂಡು, ಅರ್ಥ ಗಟ್ಟಿಯಾದ ಮೇಲೆ ಎರಡು ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯುವ ಅಭ್ಯಾಸ ಮಾಡಿದೆ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆದೆ.

ಸೀಟಿಗಾಗಿ ಹೀಗೆ ಎರಡನೆಯ ಸಲ ಓದಿದ ರಸಾಯನಶಾಸ್ತ್ರ ನರ್ಸಿಂಗ್ ಓದಿನಲ್ಲಿ ನೇರವಾಗಿ ಕೆಲಸಕ್ಕೆ ಬಂತು. ದ್ರಾವಣಗಳ ಪಾಠದಲ್ಲಿ 0.9 ಶೇಕಡಾ ಸೋಡಿಯಂ ಕ್ಲೋರೈಡ್ ದ್ರಾವಣದ ಅಭಿಸರಣ ಒತ್ತಡ (ಆಸ್ಮಾಟಿಕ್ ಪ್ರೆಶರ್) ರಕ್ತಕಣದ ಒಳಗಿನ ದ್ರವದ ಒತ್ತಡಕ್ಕೆ ಸಮವೆಂದು ಬರುತ್ತದೆ. ವಾರ್ಡಿನಲ್ಲಿ ಏರಿಸುವ ನಾರ್ಮಲ್ ಸಲೈನ್ ಅದೇ. ಬರಿಯ ನೀರನ್ನು ರಕ್ತನಾಳಕ್ಕೆ ಕೊಟ್ಟರೆ ಕೆಂಪು ರಕ್ತಕಣಗಳು ನೀರು ಹೀರಿ ಒಡೆಯುತ್ತವೆ ಎನ್ನುವುದನ್ನು ನಾನು ಕಾರಣಸಹಿತ ತಿಳಿದಿದ್ದೆ. ಸಮತೋಲನದ ಪಾಠದ ಬಫರ್ (ಪಿಎಚ್ ಹೆಚ್ಚು ಬದಲಾಗದಂತೆ ತಡೆಯುವ ದ್ರಾವಣ) ಗೊತ್ತಿದ್ದುದರಿಂದ ರಕ್ತದ ಪಿಎಚ್ 7.35ರಿಂದ 7.45ರ ನಡುವೆ ನಿಲ್ಲುವುದು ಹೇಗೆಂದು ತಿಳಿಯಲು ತೊಡಕಾಗಲಿಲ್ಲ. ಮಿಲಿಲೀಟರಿಗೆ 20 ಹನಿ ಬೀಳುವ ಡ್ರಿಪ್ ಸೆಟ್ಟಿನಲ್ಲಿ 500 ಮಿ.ಲೀ. ದ್ರವವನ್ನು ನಾಲ್ಕು ಗಂಟೆಗಳಲ್ಲಿ ಕೊಡಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ ಎಂಬ ಲೆಕ್ಕವೂ ಮೋಲ್ ಪಾಠದಲ್ಲಿ ಕಲಿತ ಏಕಮಾನ ಬದಲಾವಣೆಯೇ. ಅಂಕಕ್ಕಾಗಿ ಮತ್ತೆ ಓದುವುದನ್ನು ಕೀಳಾಗಿ ಕಾಣುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಅರ್ಜಿಯ ವಿಷಯದಲ್ಲಿ ಎಚ್ಚರ ಬೇಕಾದದ್ದು ದಿನಾಂಕಗಳ ಬಗ್ಗೆ. ಇಂಪ್ರೂವ್‌ಮೆಂಟ್ ಫಲಿತಾಂಶ ಬರಲಿ, ಆಮೇಲೆ ಅರ್ಜಿ ಹಾಕೋಣ ಎಂದು ಕಾಯಬಾರದು. ನಾನು ಕೈಯಲ್ಲಿದ್ದ ಅಂಕಪಟ್ಟಿಯಿಂದಲೇ ಅರ್ಜಿ ಸಲ್ಲಿಸಿ, ಹೊಸ ಅಂಕ ಬಂದ ಕೂಡಲೇ ಅದನ್ನು ಸೇರಿಸಲು ಏನು ಮಾಡಬೇಕೆಂದು ಪ್ರವೇಶ ಕಚೇರಿಯಲ್ಲಿ ಕೇಳಿ ಹಾಗೆಯೇ ಮಾಡಿದೆ. ಮತ್ತೆ ಬರೆದಾಗ ಅಂಕ ಕಡಿಮೆಯಾದರೆ ಮೊದಲಿನದೇ ಉಳಿಯುತ್ತಿದ್ದುದರಿಂದ ಪರೀಕ್ಷೆ ಬರೆಯುವುದರಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ಮೂರು ವರ್ಷದ ಜನರಲ್ ನರ್ಸಿಂಗ್ ಡಿಪ್ಲೊಮಾಕ್ಕೂ ಒಂದು ಅರ್ಜಿ ಹಾಕಿಟ್ಟಿದ್ದೆ. ರಸಾಯನಶಾಸ್ತ್ರದ ಅಂಕ ಏರಿ, ಮೊದಲ ಅಲಾಟ್‌ಮೆಂಟಿನಲ್ಲಿ ಇಲ್ಲದ ನನ್ನ ಹೆಸರು ನಂತರದ ಸುತ್ತಿನಲ್ಲಿ ಬಂತು.

ಗಡಿಯ ಈಚೆಗೂ ಆಚೆಗೂ ನಿಯಮಗಳು ಬದಲಾಗುತ್ತಿರುತ್ತವೆ. ಕರ್ನಾಟಕದಲ್ಲಿ 2023ರಿಂದ ಬಿ.ಎಸ್ಸಿ. ನರ್ಸಿಂಗ್ ಪ್ರವೇಶ ಸಿಇಟಿಯ ಮೂಲಕ ನಡೆಯುತ್ತಿದೆ. ಗಡಿನಾಡು ಕನ್ನಡಿಗರ ಅರ್ಹತೆಗೆ ಅಲ್ಲಿ ಪ್ರತ್ಯೇಕ ನಿಯಮವಿದೆ. ಮಂಗಳೂರಿನ ಕಾಲೇಜುಗಳನ್ನು ನೋಡುತ್ತಿರುವವರು ಪ್ಲಸ್ ಟು ಅಂಕ ಏರಿಸುವುದರ ಜತೆಗೆ ಆ ಪರೀಕ್ಷೆಯನ್ನೂ ಬರೆಯಬೇಕು. ಕೇರಳದ ಇಂಪ್ರೂವ್‌ಮೆಂಟ್ ಪರೀಕ್ಷೆ ಯಾವ ತಿಂಗಳಲ್ಲಿ, ಎಷ್ಟು ವಿಷಯಗಳಿಗೆ ಎನ್ನುವುದನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ಓದಿ, ಶಾಲೆಯ ಕಚೇರಿಯಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಶುಲ್ಕ ಕಟ್ಟಬೇಕು.