ಹಂಡೆ ಒಲೆಗೆ ಗೋಬರ್ ಗ್ಯಾಸ್ ಪೈಪು ಎಳೆದ ಕತೆ

ನಮ್ಮ ಮನೆ ಇರುವುದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಕಲ್ಲುಗೋಡೆ, ಮೇಲೆ ಕಲ್ಲು ಚಪ್ಪಡಿ. ಮನೆ ಮುಂದೆ ಕೊಟ್ಟಿಗೆ, ಅದರ ಪಕ್ಕ 2 ಘನ ಮೀಟರಿನ ಗೋಬರ್ ಗ್ಯಾಸ್ ಗುಂಡಿ, ಗ್ಯಾಸು ತುಂಬುವ ಡ್ರಮ್ಮು ಮೇಲೆ ತೇಲುವ ಹಳೇ ಮಾದರಿ. ಗ್ಯಾಸು ಅಡುಗೆಮನೆ ತನಕ ಬರುತ್ತಿತ್ತು. ಬಚ್ಚಲುಮನೆ ಮಾತ್ರ ಹಿತ್ತಲಲ್ಲಿ. ಬೆಳಗಿನ ಜಾವ ಅಮ್ಮ ಹಂಡೆ ಒಲೆ ಮುಂದೆ ಕೂತು ಹಸಿ ನೀಲಗಿರಿ ಸೌದೆ ಊದುತ್ತಾ ಕೆಮ್ಮುವುದನ್ನು ಕೇಳಿ ಕೇಳಿ ಸಾಕಾಗಿತ್ತು. ಆ ಒಲೆಗೂ ಒಂದು ಪೈಪು ಎಳೆಯೋಣ ಅಂತ ಹೊರಟೆ.

ಎರಡು ಪಕ್ಕವೂ ದಾಯಾದಿಗಳ ಗೋಡೆ. ಹೊರಗಿನಿಂದ ಸುತ್ತಿಸಲು ಜಾಗವಿಲ್ಲ. ಅಡುಗೆಮನೆಯಿಂದ ನಡುಮನೆ ದಾಟಿ, ಹಿತ್ತಲ ಗೋಡೆ ತೂರಿಯೇ ಹೋಗಬೇಕು. ಅಳೆದರೆ 28 ಅಡಿ.

ಮೊದಲು ಗ್ಯಾಸು ಸಾಲುತ್ತಾ ಅಂತ ಲೆಕ್ಕ ಹಾಕಿದೆ. ಒಂದು ಕೆಜಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸು. ದಿನಕ್ಕೆ 50 ಕೆಜಿ ಸಗಣಿ, ಅಷ್ಟೇ ನೀರು ಕಲಸಿ ಬಿಟ್ಟರೆ 2 ಘನ ಮೀಟರ್. 40 ಲೀಟರ್ ನೀರು ಸ್ನಾನಕ್ಕೆ ಆಗುವಷ್ಟು ಕಾಯಲು ಅರ್ಧ ಘನ ಮೀಟರ್ ಹತ್ತಿರ ಬೇಕು. ಅಂದರೆ ದಿನದ ಗ್ಯಾಸಿನಲ್ಲಿ ಕಾಲು ಭಾಗ ಹಂಡೆಗೇ ಹೋಯಿತು. ಮನೆಮಂದಿಗೆಲ್ಲಾ ಆಗಲ್ಲ, ಅಮ್ಮನ ಸ್ನಾನಕ್ಕೆ ಮಾತ್ರ ಅಂತ ತೀರ್ಮಾನ ಮಾಡಿದೆ.

ಅಂಗಡಿಯಲ್ಲಿ ತಾಮ್ರದ ಪೈಪು ತೋರಿಸಿದರು. ಸಿಲಿಂಡರ್ ಗ್ಯಾಸಿಗೆ ಅದು ಸರಿ. ಸಗಣಿ ಗ್ಯಾಸಿನಲ್ಲಿ ಕೊಳೆತ ಮೊಟ್ಟೆ ವಾಸನೆ ಬರುತ್ತಲ್ಲ, ಆ ಹೈಡ್ರೋಜನ್ ಸಲ್ಫೈಡ್ ತಾಮ್ರವನ್ನು ಕಪ್ಪಗೆ ಮಾಡಿ ತಿಂದುಹಾಕುತ್ತದೆ. ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು ತಂದೆ, ಮುಕ್ಕಾಲು ಇಂಚಿನದು. ಡ್ರಮ್ಮಿನ ಒತ್ತಡ ತೀರಾ ಕಡಿಮೆ, ಸಣ್ಣ ಪೈಪು ಹಾಕಿದರೆ ಉರಿ ಸಪ್ಪೆಯಾಗುತ್ತದೆ.

ಕೆಲಸದ ದಿನ ಗುಂಡಿ ಹತ್ತಿರದ ವಾಲ್ವು ಮುಚ್ಚಿ, ಪೈಪಿನಲ್ಲಿ ಉಳಿದಿದ್ದನ್ನು ಅಡುಗೆ ಒಲೆಯಲ್ಲೇ ಉರಿಸಿ ಮುಗಿಸಿದೆ. ದೇವರ ದೀಪವನ್ನೂ ಆರಿಸಿದೆ, ಅಮ್ಮ ಗೊಣಗಿದರು. ಹಿತ್ತಲ ಗೋಡೆ ಒಂದೂವರೆ ಅಡಿ ದಪ್ಪ. ಕಲ್ಲಿನ ಸಂದಿ ಹುಡುಕಿ, ಉಳಿ ಹಿಡಿದು ತೂತು ಕೊರೆಯಲು ಅರ್ಧ ದಿನ ಹಿಡಿಯಿತು. ತೂತಿನಲ್ಲಿ ಪಿವಿಸಿ ತುಂಡು ಕೂರಿಸಿ, ಅದರೊಳಗೆ ಜಿಐ ತೂರಿಸಿದೆ. ಗೋಡೆಯೊಳಗೆ ಜಾಯಿಂಟು ಬರಬಾರದು. ಅಲ್ಲಿ ಸೋರಿದರೆ ಕಣ್ಣಿಗೂ ಕಾಣಲ್ಲ, ಕೈಗೂ ಸಿಗಲ್ಲ.

ಎಡವಿದ್ದು ನಡುಮನೆಯಲ್ಲಿ. ಕಣ್ಣಿಗೆ ಬೀಳಬಾರದು ಅಂತ ಪೈಪನ್ನು ಕೆಳಗಡೆ, ಗೋಡೆ ಬುಡದಲ್ಲಿ ತಂದೆ. ಬಾಗಿಲು ಬಂದ ಕಡೆ ಮೇಲೆ ಹತ್ತಿಸಿ, ದಾಟಿಸಿ, ಮತ್ತೆ ಬುಡಕ್ಕೆ ಇಳಿಸಿದೆ. ನೋಡಲು ಚೆನ್ನಾಗೇ ಇತ್ತು. ಮೂರು ವಾರ ಒಲೆಯೂ ಚೆನ್ನಾಗೇ ಉರಿಯಿತು. ಆಮೇಲೊಂದು ಬೆಳಗ್ಗೆ ಅಮ್ಮ ಹಿತ್ತಲಿಂದ ಕೂಗಿದರು, “ಏನಪ್ಪಾ ಇದು, ಒಲೆಗೆ ಬಿಕ್ಕಳಿಕೆ ಬಂದೈತೆ!” ಹೋಗಿ ನೋಡಿದರೆ ಉರಿ ಒಂದು ಸಲ ಏಳುತ್ತದೆ, ಒಂದು ಸಲ ಕುಗ್ಗುತ್ತದೆ. ಪೈಪಿಗೆ ಕಿವಿ ಕೊಟ್ಟರೆ ಗುಳುಗುಳು ಸದ್ದು.

ನೀರು. ಗುಂಡಿಯಿಂದ ಬರುವ ಗ್ಯಾಸು ಬೆಚ್ಚಗಿರುತ್ತದೆ, ಹಬೆ ತುಂಬಿಕೊಂಡು ಬರುತ್ತದೆ. ರಾತ್ರಿ ತಣ್ಣನೆ ಪೈಪಿನಲ್ಲಿ ಅದು ನೀರಾಗಿ, ತಗ್ಗು ಸಿಕ್ಕಲ್ಲಿ ನಿಲ್ಲುತ್ತದೆ. ಬಾಗಿಲಿನ ಆಚೆ ನಾನೇ ಕೈಯಾರೆ ಒಂದು ತಗ್ಗು ಮಾಡಿಟ್ಟಿದ್ದೆ! ಗಾರೆ ಮೇಸ್ತ್ರಿ ಬಂದು ನೋಡಿ ನಕ್ಕರು. “ಬಚ್ಚಲಿಗೆ ವಾಟ ಕೊಡ್ತೀಯ, ಪೈಪಿಗೆ ಬೇಡ್ವಾ?” ವಾಟ ಅಂದರೆ ನೀರು ಹರಿಯುವ ಇಳಿಜಾರು.

ಎಲ್ಲಾ ಬಿಚ್ಚಿದೆ. ಈ ಸಲ ಪೈಪನ್ನು ಅಡುಗೆಮನೆಯಲ್ಲೇ ಬಾಗಿಲಿಗಿಂತ ಮೇಲಕ್ಕೆ ಏರಿಸಿ, ಅದೇ ಎತ್ತರದಲ್ಲಿ ಹಿತ್ತಲ ತನಕ ಒಯ್ದೆ. ಎಂಟಡಿಗೆ ಒಂದಿಂಚು ವಾಟ, ಅಡುಗೆಮನೆ ಕಡೆಗೆ. ರಸಮಟ್ಟ ಇಟ್ಟು ನೋಡಿ ನೋಡಿ ಕ್ಲಾಂಪು ಹೊಡೆದೆ. ಹಿತ್ತಲ ಕೊನೆ ಅಡುಗೆಮನೆ ಕೊನೆಗಿಂತ ಮೂರೂವರೆ ಇಂಚು ಮೇಲಿದೆ. ಅಡುಗೆಮನೆಯಲ್ಲಿ ಪೈಪು ಮೇಲೇರುವ ಕಡೆ ಬುಡದಲ್ಲಿ ಅರ್ಧ ಅಡಿ ಪೈಪಿನ ತುಂಡು ಕೆಳಮುಖವಾಗಿ ಬಿಟ್ಟು, ತುದಿಗೆ ನಲ್ಲಿ. ಹಂಡೆ ಒಲೆ ಹತ್ತಿರ ಪೈಪು ಇಳಿಯುವ ಕಡೆಯೂ ಅಂಥದ್ದೇ ಇನ್ನೊಂದು. ನೀರು ಅಲ್ಲಿ ಬಂದು ಕೂರುತ್ತದೆ.

ಸೋರುತ್ತಾ ಅಂತ ನೋಡಲು ಪಾರದರ್ಶಕ ಟ್ಯೂಬನ್ನು ಯು ಆಕಾರಕ್ಕೆ ಬಗ್ಗಿಸಿ, ಅರ್ಧ ನೀರು ತುಂಬಿ, ಒಲೆ ಕಡೆ ತುದಿಗೆ ಸಿಕ್ಕಿಸಿದೆ. ಗ್ಯಾಸು ಬಿಟ್ಟಾಗ ನೀರು ಒಂದು ಕಡೆ ಏರಿ ನಿಂತಿತು. ವಾಲ್ವು ಮುಚ್ಚಿ ಅರ್ಧ ಗಂಟೆ ಬಿಟ್ಟು ನೋಡಿದರೆ ಇಳಿದಿದೆ. ಜಾಯಿಂಟಿಗೆಲ್ಲಾ ಸೋಪಿನ ನೊರೆ ಹಚ್ಚುತ್ತಾ ಹೋದೆ. ಅಡುಗೆಮನೆಯಲ್ಲಿ ಪೈಪು ಕವಲೊಡೆಯುವ ಟೀ ಜಾಯಿಂಟಿನ ಹತ್ತಿರ ಕಡಲೆ ಗಾತ್ರದ ಗುಳ್ಳೆ ಎದ್ದಿತು. ಬಿಚ್ಚಿ, ಟೆಫ್ಲಾನ್ ಟೇಪು ಜಾಸ್ತಿ ಸುತ್ತಿ ಬಿಗಿದ ಮೇಲೆ ನೀರು ಕದಲಲಿಲ್ಲ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಒಲೆ ಹಚ್ಚುವ ಮೊದಲು ಹಿತ್ತಲ ನಲ್ಲಿ ಬಿಟ್ಟು ಪೈಪಿನ ಗಾಳಿಯನ್ನೆಲ್ಲಾ ಹೊರಹಾಕಿದೆ. ಗಾಳಿ ಬೆರೆತ ಗ್ಯಾಸಿಗೆ ಕಿಡಿ ತಾಗಿದರೆ ಸಿಡಿಯುತ್ತದೆ. ನಮ್ಮ ಹಂಡೆ ಒಲೆಯ ಬಾಯಿ ಬಯಲಿನ ಕಡೆಗಿರುವುದೂ ಒಳ್ಳೆಯದಾಯಿತು. ಕಿಟಕಿ ಇಲ್ಲದ ಬಚ್ಚಲಿನ ಒಳಗೆ ಒಲೆ ಇದ್ದಿದ್ದರೆ ಈ ಕೆಲಸಕ್ಕೇ ಕೈ ಹಾಕುತ್ತಿರಲಿಲ್ಲ. ಹಾಂ, ಮನೆಯಲ್ಲಿದ್ದ ಹಳೇ ಸಿಲಿಂಡರ್ ಸ್ಟವ್ ಇಟ್ಟು ನೋಡಿದೆ, ಅದರ ಜೆಟ್ಟಿನ ತೂತು ಸಣ್ಣದು, ಉರಿ ಹಿಡಿಯಲೇ ಇಲ್ಲ. ಗೋಬರ್ ಗ್ಯಾಸ್ ಬರ್ನರನ್ನೇ ತರಬೇಕಾಯಿತು.

ಧನುರ್ಮಾಸದ ಚಳಿಗೆ ಗ್ಯಾಸು ಕಡಿಮೆಯಾಗುತ್ತದೆ, ಆಗ ಮತ್ತೆ ಸೌದೆಯೇ. ಉಳಿದ ದಿನ ಅಮ್ಮ ಕಡ್ಡಿ ಗೀರಿ ಎದ್ದು ಬರುತ್ತಾರೆ. ಶನಿವಾರ ಮಾತ್ರ ಚೊಂಬು ಹಿಡಿದು ಎರಡೂ ನಲ್ಲಿ ತಿರುಗಿಸಿ ನೀರು ಬಿಟ್ಟು, ಗ್ಯಾಸಿನ ವಾಸನೆ ಬಂದ ಕೂಡಲೇ ಮುಚ್ಚುತ್ತಾರೆ. ಅದಕ್ಕೆ ಅವರಿಟ್ಟ ಹೆಸರು, ಒಲೆಗೆ ಮೂಗು ಸೀಟಿಸೋದು.