"ನಾನೇ ಅಡ್ಮಿನ್ ಅಲ್ವಾ ಸರ್?"

ಕಾಫಿ ಸೀಸನ್ ಶುರುವಾದರೆ ಚಿಕ್ಕಮಗಳೂರಿನ ನನ್ನ ಸರ್ವಿಸ್ ಅಂಗಡಿಗೆ ತೂಕದ ಮಷಿನ್‌ನದೇ ಫೋನು. ಮೂಡಿಗೆರೆ ಕಡೆಯ ವ್ಯಾಪಾರಿಯೊಬ್ಬರ ಮಂಡಿಯಲ್ಲಿ ಸ್ಕೇಲಿನ ಸೀರಿಯಲ್ ಕೇಬಲ್ಲಿಗೆ ಹೊಸ ಯುಎಸ್‌ಬಿ ಕನ್ವರ್ಟರ್ ತಂದಿದ್ದರು, ಒಳಗೆ ಸಿಎಚ್340 ಚಿಪ್. ವಿಂಡೋಸ್‌ಗೆ ಅದರ ಜೊತೆ ಮಾತಾಡಲು ಬೇಕಾದ ಡ್ರೈವರ್ ಹಾಕಲು ಜೊತೆಗೆ ಬಂದಿದ್ದ ಬ್ಯಾಚ್ ಫೈಲ್ (ಸಾಲಾಗಿ ಓಡುವ ಕಮ್ಯಾಂಡುಗಳ ಫೈಲು) ಒತ್ತಿದರೆ 'ಆಕ್ಸೆಸ್ ಈಸ್ ಡಿನೈಡ್', ಅಂದರೆ ಅನುಮತಿ ಇಲ್ಲ. ಬಿಲ್ ಬರೆಯುವ ಹುಡುಗ ಕೇಳಿದ: "ನಾನೇ ಅಡ್ಮಿನ್ ಅಲ್ವಾ ಸರ್, ನಂಗೇ ಆಗಲ್ಲ ಅಂತಲ್ಲ?"

ಅವನು ಕೇಳಿದ್ದು ಸರಿಯೇ. ಆದರೆ ವಿಂಡೋಸ್ ವಿಸ್ತಾ ಬಂದಾಗಿನಿಂದ ಅಡ್ಮಿನ್ ಲಾಗಿನ್‌ನಲ್ಲೂ ಪ್ರೋಗ್ರಾಂಗಳು ಸಾಮಾನ್ಯ ಬಳಕೆದಾರನ ಅಧಿಕಾರದಲ್ಲೇ ಓಡುತ್ತವೆ. ಪರದೆ ಮಂಕಾಗಿ ಕೇಳುವ ಪ್ರಶ್ನೆಗೆ 'ಯೆಸ್' ಅಂದ ಮೇಲೇ ಪೂರ್ತಿ ಅಧಿಕಾರ. ಬ್ಯಾಚ್ ಫೈಲ್ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ರೈಟ್ ಕ್ಲಿಕ್ ಮಾಡಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಕೊಟ್ಟರೆ ಅದು ವಿಂಡೋಸ್‌ನ ಸ್ವಂತ ಫೈಲುಗಳಿರುವ ಸಿಸ್ಟಂ32 ಫೋಲ್ಡರಿನಲ್ಲಿ ನಿಂತು ಡ್ರೈವರ್ ಫೈಲ್ ಹುಡುಕುತ್ತೆ, ಅಲ್ಲಿ ಸಿಗುವುದಿಲ್ಲ. ಹಾಗಾಗಿ ನಾನು ಕಮ್ಯಾಂಡ್ ಪ್ರಾಂಪ್ಟನ್ನೇ ಅಡ್ಮಿನ್ ಆಗಿ ತೆರೆದು, ಡ್ರೈವರ್ ಫೋಲ್ಡರಿಗೆ ಹೋಗಿ, ಪಿಎನ್‌ಪಿಯುಟಿಲ್ ಅನ್ನೋ ವಿಂಡೋಸ್‌ನದೇ ಕಮ್ಯಾಂಡಿನಿಂದ ಡ್ರೈವರ್ ಸೇರಿಸುತ್ತೇನೆ. ಬಹುಪಾಲು ಕೇಸು ಇಲ್ಲಿಗೇ ಮುಗಿಯುತ್ತೆ.

ಇದು ಮುಗಿಯಲಿಲ್ಲ. ಡ್ರೈವರ್ ಸೇರಿತು, ಡಿವೈಸ್ ಮಾತ್ರ ಏಳಲಿಲ್ಲ. ಇಂಥ ಹೊತ್ತಲ್ಲಿ ಊಹೆ ಮಾಡುತ್ತ ಕೂರುವ ಬದಲು ಲಾಗ್ ಓದಬೇಕು. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನಲ್ಲಿ ಐಎನ್‌ಎಫ್, ಅದರೊಳಗೆ 'ಸೆಟಪ್‌ಎಪಿಐ.ಡೆವ್' ಅನ್ನೋ ಫೈಲು. ನೋಟ್‌ಪ್ಯಾಡಿನಲ್ಲಿ ತೆರೆದು ಕೊನೆಯಿಂದ ಮೇಲಕ್ಕೆ ಬಂದರೆ, ಎಡವಟ್ಟಾದ ಸಾಲಿನ ಮುಂದೆ ಮೂರು ಆಶ್ಚರ್ಯ ಚಿಹ್ನೆ ಇರುತ್ತೆ. ಅಲ್ಲಿ ಸಿಕ್ಕಿದ್ದು: ಸಿಸ್ಟಂ ಪಾಲಿಸಿಯೇ ಈ ಡಿವೈಸನ್ನು ನಿಷೇಧಿಸಿದೆ.

"ಕಂಪ್ಯೂಟರ್ ಎಲ್ಲಿ ತಗೊಂಡ್ರಿ ಸಾಹುಕಾರ್ರೇ?"

"ಬೆಂಗಳೂರಿಂದ ಸೆಕೆಂಡ್ ಹ್ಯಾಂಡು ಕಣಪ್ಪ. ಯಾವ್ದೋ ಕಂಪನೀದು."

ಗುಟ್ಟು ಅದೇ. ಹಳೇ ಮಾಲೀಕರು ನೌಕರರು ಪೆನ್‌ಡ್ರೈವ್ ಗಿನ್‌ಡ್ರೈವ್ ಚುಚ್ಚದಿರಲಿ ಅಂತ ಹಾಕಿದ್ದ ಬೀಗ ಹಾಗೇ ಉಳಿದಿತ್ತು. ವಿಂಡೋಸ್ ಪ್ರೊ ಇದ್ದದ್ದರಿಂದ ಇಂಥ ಬೀಗ ಹಾಕುವ, ತೆಗೆಯುವ ಗ್ರೂಪ್ ಪಾಲಿಸಿ ಎಡಿಟರ್ ಸಿಕ್ಕಿತು. ಹೋಮ್‌ನಲ್ಲಿ ಅದು ಇರುವುದಿಲ್ಲ. ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಂ, ಡಿವೈಸ್ ಇನ್‌ಸ್ಟಾಲೇಶನ್, ಅದರ ರಿಸ್ಟ್ರಿಕ್ಷನ್ಸ್. ಅಲ್ಲಿ 'ಎನೇಬಲ್ಡ್' ಇದ್ದದ್ದನ್ನು 'ನಾಟ್ ಕಾನ್ಫಿಗರ್ಡ್' ಮಾಡಿ ರೀಸ್ಟಾರ್ಟ್ ಕೊಟ್ಟೆ. ಕಂಪ್ಯೂಟರ್ ಇನ್ನೂ ಕಂಪನಿಯದೇ ಆಗಿದ್ದರೆ ಇದಕ್ಕೆ ಕೈ ಹಾಕಬಾರದು, ಅವರ ಐಟಿಯವರನ್ನೇ ಕೇಳಬೇಕು.

ಸಿಸ್ಟಂ32ಗೆ ಎಲ್ಲರಿಗೂ 'ಫುಲ್ ಕಂಟ್ರೋಲ್' ಕೊಡಿ ಅಂತ ವಿಡಿಯೋಗಳಲ್ಲಿ ಹೇಳುವವರಿದ್ದಾರೆ. ನಾನಂತೂ ಮಾಡಲ್ಲ, ಒಂದು ಕೇಬಲ್ಲಿಗೋಸ್ಕರ ವೈರಸ್ಸಿಗೂ ದಾರಿ ಬಿಟ್ಟಂತೆ.

ಡಿವೈಸ್ ಮ್ಯಾನೇಜರಿನ ಪೋರ್ಟ್ಸ್ ಪಟ್ಟಿಯಲ್ಲಿ ಕನ್ವರ್ಟರಿನ ಪೋರ್ಟ್ ನಂಬರು ಕಾಮ್ 5 ಅಂತ ಬಂತು. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಹಳೆಯ ಕಾಮ್ 3 ಇತ್ತು. ಬದಲಾಯಿಸಿದ ಮೇಲೆ ಕಾಫಿ ಚೆರಿ ಮೂಟೆಯ ತೂಕ ಪರದೆಗೆ ಬಂತು. ಸೀಸನ್ ಮುಗಿದ ಮೇಲೆ ಫಾರ್ಮ್ಯಾಟ್ ಮಾಡಿಸಿ ಅಂತ ಹೇಳಿ ಬಂದಿದ್ದೇನೆ. ಕಂಪನಿಯವರ ಬೀಗ ಇನ್ನೆಷ್ಟು ಉಳಿದಿವೆಯೋ.